ಲ್ಯಾಕ್ರಾಸ್ ಕೋಲಿಗೆ ಬಲೆ ಹೆಣೆದ ಕಾಕಾ

ಕಾಕಾನ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ರಾಕೆಟ್ಟಿನ ದಾರ ಬಿಗಿಯಲು ಅಂಗಡಿಯಲ್ಲಿ ಮಷಿನ್ ಇದ್ದರೂ ಕೊನೆಯ ಗಂಟನ್ನು ಅವರು ಹಲ್ಲಿನಿಂದಲೇ ಎಳೆಯುತ್ತಿದ್ದರು. ವರ್ಷಗಟ್ಟಲೆ ದಾರ ಉಜ್ಜಿ ಉಜ್ಜಿ ಹಲ್ಲು ಅಲ್ಲಿ ಸವೆದುಹೋಗಿತ್ತು. ಸದಾ ನಗುತ್ತಿದ್ದ ಮನುಷ್ಯ, ಹಾಗಾಗಿ ಆ ಕಚ್ಚು ಬಂದವರಿಗೆಲ್ಲ ಕಾಣಿಸುತ್ತಿತ್ತು. ಶಟಲ್ ಕೊಳ್ಳಲು ಬಂದ ಹಲ್ಲಿನ ಡಾಕ್ಟರೊಬ್ಬರು, “ಅದನ್ನ ತುಂಬಿಸಿ ಕೊಡ್ತೀನಿ, ಬರ್ರಿ” ಎಂದರೆ, “ತುಂಬಿಸಿದ್ರ ದಾರ ಎಲ್ಲಿ ಸಿಗಸ್ಲಿರಿ ಡಾಕ್ಟರ್ರ?” ಎಂದು ಕೇಳಿ ಅವರನ್ನೇ ನಗಿಸಿ ಕಳಿಸಿದ್ದರು.

ವಿಜಯಪುರದ ಅಥಣಿ ರಸ್ತೆಯಲ್ಲಿ ಅವರದು ಆಟದ ಸಾಮಾನಿನ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಒಳಗೆ ಹೋದರೆ ಮೂರನೆಯವರು ಕಟ್ಟೆಯ ಮೇಲೆ ಕೂರಬೇಕು. ನೆತ್ತಿಯ ಮೇಲೆ ವಾಲಿಬಾಲ್‌ಗಳು ತೂಗುತ್ತಿದ್ದವು, ಗಾಜಿನ ಕಪಾಟಿನಲ್ಲಿ ಯಾರು ಗೆಲ್ಲುತ್ತಾರೆಂದು ಇನ್ನೂ ಗೊತ್ತಿಲ್ಲದ ಢಾಲುಗಳಿದ್ದವು. ನನಗೆ ಅವರು ಸಂಬಂಧಿಕರೇನೂ ಅಲ್ಲ. ಬಬಲೇಶ್ವರದ ಪಿ.ಟಿ. ಮಾಸ್ತರರಿಂದ ಹಿಡಿದು ನಗರದ ಕಾಲೇಜು ಹುಡುಗರವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಂದೆ.

ಅವರು ಸ್ವತಃ ಯಾವ ಆಟವನ್ನೂ ಆಡಿದವರಲ್ಲ. ಕೇರಂ ಬೋರ್ಡ್ ಇಳಿಸಲು ಸ್ಟೂಲ್ ಹತ್ತಿದರೆ, ಇಳಿದ ಮೇಲೆ ಕೂತು ದಣಿವಾರಿಸಿಕೊಳ್ಳಬೇಕಿತ್ತು. ಆದರೆ ಆಡುವವರೆಂದರೆ ಜೀವ. ಶಾಲೆಯ ಕಬಡ್ಡಿ ತಂಡದಲ್ಲಿ ಒಮ್ಮೆ ನಿಂತು ಬಂದವನೂ ಅವರ ಬಾಯಲ್ಲಿ ‘ಪ್ಲೇಯರ್’. ಸೋತು ಮುಖ ಸಣ್ಣದು ಮಾಡಿಕೊಂಡು ಬಂದವರಿಗೆ ಮಾತ್ರ ಅಲ್ಲಿ ವಿಶೇಷ ಮರ್ಯಾದೆ. “ಆಟ ಮುಗೀತು, ಹಸಿವಿ ಮುಗದಿಲ್ಲಲ್ಲ? ಮೊದಲ ಉಣ್ಣು” ಎಂದು ತಮ್ಮ ಡಬ್ಬಿ ಬಿಚ್ಚಿ ಮುಂದಿಡುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗಂಡನ ಈ ಚಾಳಿ ಗೊತ್ತಿದ್ದ ಕಾಕು ದಿನಾಲೂ ರೊಟ್ಟಿ ಹೆಚ್ಚಿಗೆ ಕಟ್ಟಿ ಕಳಿಸುತ್ತಿದ್ದರು. ಆ ಹೆಚ್ಚಿನ ರೊಟ್ಟಿಗಳಲ್ಲಿ ಬಹುಪಾಲು ತಿಂದವನು ನಾನೇ ಇರಬೇಕು.

ನಾನು ಜೈನಾಪುರದವನು, ಒಕ್ಕಲುತನದ ಮನೆ. ವಿಜಯಪುರದಲ್ಲಿ ಡಿಗ್ರಿ ಓದುತ್ತ ಹ್ಯಾಂಡ್‌ಬಾಲ್ ಆಡಿಕೊಂಡಿದ್ದೆ. ಅಂಥ ದಿನಗಳಲ್ಲಿ ನಮ್ಮ ಕಾಲೇಜಿನ ಪಿ.ಟಿ. ಸರ್ ನಮ್ಮಲ್ಲಿ ಕೆಲವರನ್ನು ಲ್ಯಾಕ್ರಾಸ್ ಎಂಬ ಹೊಸ ಆಟದ ತರಬೇತಿಗೆ ಕಳಿಸಿದರು. ತುದಿಗೆ ಬಲೆ ಕಟ್ಟಿದ ಉದ್ದ ಕೋಲು, ಕೈಗೆ ಗಟ್ಟಿಯಾಗಿ ಬಡಿಯುವ ರಬ್ಬರ್ ಚೆಂಡು. ಬಲೆಯಲ್ಲೇ ಹಿಡಿದು, ಬಲೆಯಲ್ಲೇ ಹೊತ್ತು ಓಡಿ, ಬಲೆಯಿಂದಲೇ ಎಸೆದು ಗೋಲು ಹೊಡೆಯಬೇಕು. ಊರಿಗೆ ಬಂದು ಕೆಲವೇ ವಾರಕ್ಕೆ ನನ್ನ ಬಲೆ ಹರಿಯಿತು. ಕೋಲು ಹಿಡಿದು ಕಾಕಾನ ಅಂಗಡಿಗೆ ಹೋದೆ.

“ಇದೇನಪಾ ಪ್ಲೇಯರ್, ಮಾವಿನಕಾಯಿ ಹರಿಯೂ ದೋಟಿ ತಂದೀಯಲ್ಲ. ತ್ವಾಟ ಎಲ್ಲೈತಿ?”

ನಾನು ಆಟ ವಿವರಿಸಿದೆ. ಅವರು ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಿಧಾನಕ್ಕೆ ಮುಖವರಳಿಸಿದರು. “ಹಂಗಂದ್ರ ಇದು ಕವಣಿ ಅಲ್ಲೇನಲೇ? ಬಿದರಿಗೆ ಕಟ್ಟಿದ ಕವಣಿ.”

ಕಾಕಾ ಹುಟ್ಟಿ ಬೆಳೆದದ್ದು ತಿಕೋಟಾದಲ್ಲಿ. ಜೋಳ ಹಾಲುಗಾಳಾಗಿ ನಿಂತಾಗ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದವರು. ಕವಣೆ ಹೆಣೆಯುವುದೂ ಬರುತ್ತಿತ್ತು. ಕವಣೆಯಲ್ಲಿ ಕಲ್ಲು ಕೂರುವ ಜಾಗ ಆಳವಾಗಿರಬೇಕು, ಇಲ್ಲದಿದ್ದರೆ ತಿರುಗಿಸುವಾಗ ಕಲ್ಲು ಜಾರಿ ತಿರುಗಿಸುವವನ ತಲೆಗೇ ಬೀಳುತ್ತದೆ. ಅದೇ ಲೆಕ್ಕದಲ್ಲಿ ವಾಲಿಬಾಲ್ ನೆಟ್ಟಿನ ನೈಲಾನ್ ದಾರದಿಂದ ನನ್ನ ಕೋಲಿಗೆ ಹೊಸ ಬಲೆ ಹೆಣೆದರು. ಚೆಂಡು ಅದರೊಳಗೆ ಇಳಿದರೆ ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ನಿಶ್ಚಿಂತೆಯಾಗಿ ಇರುತ್ತಿತ್ತು.

ನಾವು ಆಡುತ್ತಿದ್ದದ್ದು ಭೂತನಾಳ ಕೆರೆಯ ಬದಿಯ ಬಯಲಿನಲ್ಲಿ. ಉಳಿದವರ ಚೆಂಡು ಹತ್ತು ಹೆಜ್ಜೆಗೆ ಉದುರಿದರೆ ನನ್ನದು ಉದುರುತ್ತಲೇ ಇರಲಿಲ್ಲ. ಯಾರು ಎಷ್ಟೇ ಕೋಲು ಬಡಿಯಲಿ, ನಾನು ಚೆಂಡು ಹೊತ್ತು ಗೋಲಿನವರೆಗೆ ಓಡುತ್ತಿದ್ದೆ. ಆ ಬಲೆಯಲ್ಲಿ ಒಂದೇ ತೊಂದರೆ ಇತ್ತು. ದೂರ ನಿಂತವರಿಗೆ ಎಸೆಯಲು ಹೋದರೆ ಚೆಂಡು ತಡವಾಗಿ ಬಿಟ್ಟು ನೆಲಕ್ಕೆ ಕುಕ್ಕುತ್ತಿತ್ತು. ಹಾಗಾಗಿ ನಾನು ಯಾರಿಗೂ ಕೊಡುತ್ತಿರಲಿಲ್ಲ. ಗೋಲು ಬೀಳುತ್ತಿದ್ದುದರಿಂದ ಯಾರೂ ಏನೂ ಅನ್ನಲಿಲ್ಲ, ನಾನಂತೂ ನನ್ನನ್ನು ಬಹಳ ದೊಡ್ಡ ಆಟಗಾರನೆಂದೇ ತಿಳಿದಿದ್ದೆ.

ಅಷ್ಟರಲ್ಲಿ ಕಾಕಾನಿಗೆ ಈ ಆಟದ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ನೋಡಿ, ನನ್ನನ್ನು ಕೇಳಿ, ಉಳಿದದ್ದನ್ನು ತಾವೇ ಸೇರಿಸಿ ಅವರು ನಮ್ಮ ದೇಶದ ಪುರುಷರ ತಂಡಕ್ಕೆ ಸ್ವಯಂಘೋಷಿತ ಇತಿಹಾಸಕಾರರಾದರು. ನಿಜ ಹೇಳಬೇಕೆಂದರೆ ಆ ಇತಿಹಾಸ ಒಂದು ಕಪ್ ಚಹಾ ಮುಗಿಯುವಷ್ಟೂ ಉದ್ದವಿರಲಿಲ್ಲ. ತಂಡ ಇನ್ನೂ ಅಂಬೆಗಾಲಿಡುತ್ತಿತ್ತು. ಹಾಕಿ ಬಿಟ್ಟು ಬಂದವರು, ಹ್ಯಾಂಡ್‌ಬಾಲಿನಿಂದ ಬಂದವರು, ಕಬಡ್ಡಿಯವರು, ವಿಡಿಯೋ ನೋಡಿ ಎಸೆತ ಕಲಿತವರು, ಒಬ್ಬರ ಕೋಲನ್ನು ಇನ್ನೊಬ್ಬರು ಕೇಳಿ ಆಡುವವರು. ಅಷ್ಟೇ. ಆದರೆ ಕಾಕಾ ಕಥೆಯನ್ನು ಅಮೆರಿಕದ ಮೂಲನಿವಾಸಿಗಳಿಂದ ಶುರುಮಾಡುತ್ತಿದ್ದರು. ಊರಿಗೆ ಊರೇ ಬಯಲಿಗಿಳಿದು, ಬೆಳಗಿನಿಂದ ಸಂಜೆಯವರೆಗೆ, ದೇವರ ಹೆಸರಿನಲ್ಲಿ ಆಡುತ್ತಿದ್ದ ಕಥೆ.

“ಬಬಲೇಶ್ವರದಾಗ ಒಂದು ಗೋಲು, ತಿಕೋಟಾದಾಗ ಒಂದು ಗೋಲು ಅಂತ ತಿಳಕೋರಿ. ನಡುವ ಹೊಲ, ಹಳ್ಳ, ದ್ರಾಕ್ಷಿ ಪಡ, ಎಲ್ಲಾ ಗ್ರೌಂಡ. ಮನ್ಯಾಗ ಯಾರಿಗರ ಜಡ್ಡ ಆದ್ರ ಆರಾಮ ಆಗ್ಲಿ ಅಂತ ಆಡತಿದ್ರಂತ. ನಾವು ದವಾಖಾನಿಗಿ ಓಡತೇವಿ, ಅವರು ಗ್ರೌಂಡಿಗಿ ಓಡತಿದ್ರು.”

ಕೇರಂ ಪೌಡರ್ ಕೊಳ್ಳಲು ಬಂದವರು ಇದನ್ನೆಲ್ಲ ಕೇಳಿಯೇ ಹೋಗಬೇಕಿತ್ತು. ಅಲ್ಲಿಂದ ಕಥೆ ನಮ್ಮ ದೇಶಕ್ಕೆ ಜಿಗಿದು ನೇರ ಅಥಣಿ ರಸ್ತೆಗೆ ಬಂದು ಇಳಿಯುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಿದ್ದ ನನ್ನನ್ನು ತೋರಿಸಿ, “ಇಂವ ಇಂಡಿಯಾ ಟೀಮಿನ್ಯಾಗ ಆಡಾಂವ” ಎನ್ನುತ್ತಿದ್ದರು. ಆಯ್ಕೆಯ ಸುದ್ದಿಯೇ ಆಗ ಇರಲಿಲ್ಲ. ನಾಚಿಕೆಗೆ ನಾನು ಡಬ್ಬಿಯೊಳಗೇ ಕಣ್ಣು ನೆಟ್ಟು ರೊಟ್ಟಿ ಮುರಿಯುತ್ತಿದ್ದೆ.

ಕೊನೆಗೂ ದೂರದ ಊರೊಂದರಲ್ಲಿ ನಡೆಯುವ ಆಯ್ಕೆ ಶಿಬಿರಕ್ಕೆ ಕರೆ ಬಂತು. ಮನೆಯಲ್ಲಿ ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿದ: “ಈ ಸಲ ಆಗಲಿಲ್ಲಂದ್ರ ಆಟ ಸಾಕು. ದ್ರಾಕ್ಷಿ ಪಡದಾಗ ಕೆಲಸ ರಗಡ ಐತಿ, ನಾ ಒಬ್ಬನ ಎಷ್ಟಂತ ಮಾಡ್ಲಿ?” ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಒಪ್ಪಿದೆ. ಆಯ್ಕೆಯಾದರೆ ದೇಶದ ತಂಡ, ಇಲ್ಲವಾದರೆ ಕೋಲು ಅಟ್ಟಕ್ಕೆ. ಇದನ್ನು ಕಾಕಾನಿಗೆ ಹೇಳಿದಾಗ ಅವರು, “ಆ ಊರಾಗ ಬಾಲ್ ಅಗ್ಗ ಸಿಗತಾವಂತ. ನಾನೂ ಬರ್ತೇನಿ, ಸಾಮಾನ ನೋಡಿಕೊಂಡು ಬರೂಣು” ಎಂದರು. ಅಂಗಡಿಯ ಬಾಗಿಲು ಹಾಕಿ ಹೊರಟೇಬಿಟ್ಟರು. ಕಾಕು ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಚಟ್ನಿಗಳ ಗಂಟು ನನ್ನ ಕಿಟ್ ಬ್ಯಾಗಿಗಿಂತ ದೊಡ್ಡದಾಗಿತ್ತು. ರೈಲಿನ ಡಬ್ಬಿಯಲ್ಲಿ ಕೂತವರಿಗೆಲ್ಲ ಇತಿಹಾಸವೂ ಹಂಚಿಕೆಯಾಯಿತು, ಹೋಳಿಗೆಯೂ ಹಂಚಿಕೆಯಾಯಿತು.

ಶಿಬಿರದ ಬೆಳಿಗ್ಗೆ, ಆಟ ಶುರುವಾಗುವ ಮುಂಚೆ ರೆಫರಿ ಒಬ್ಬೊಬ್ಬರ ಕೋಲನ್ನೂ ಪರೀಕ್ಷಿಸುತ್ತಿದ್ದರು. ನಮ್ಮ ಕಡೆಯ ಪಂದ್ಯಗಳಲ್ಲಿ ಯಾರೂ ಹಾಗೆ ನೋಡಿರಲಿಲ್ಲ. ಬಲೆಯಲ್ಲಿ ಚೆಂಡಿಟ್ಟು, ಕೋಲನ್ನು ಅಡ್ಡ ಹಿಡಿದು, ಪಕ್ಕದಿಂದ ನೋಡುವುದು. ಬಲೆ ಕಟ್ಟಿದ ಚೌಕಟ್ಟಿನ ಕೆಳ ಅಂಚಿಗಿಂತಲೂ ಕೆಳಗೆ ಚೆಂಡು ಪೂರ್ತಿ ಜೋತುಬಿದ್ದರೆ ಆ ಕೋಲು ನಡೆಯುವುದಿಲ್ಲ. ನನ್ನ ಸರದಿ ಬಂತು. ಚೆಂಡು ಎಮ್ಮೆಯ ಕೆಚ್ಚಲಿನಂತೆ ಕೆಳಗೆ ತೂಗಾಡಿತು. ರೆಫರಿ ಒಮ್ಮೆ ಬಲೆಯನ್ನೂ ಒಮ್ಮೆ ನನ್ನನ್ನೂ ನೋಡಿ ಕೋಲನ್ನು ಬದಿಗಿಟ್ಟರು.

ಯಾರದೋ ಕೋಲು ಕೇಳಿ ಪಡೆದು ಬೆಳಗಿನ ಆಟ ಆಡಿದೆ. ಆಡಿದೆ ಎನ್ನುವುದಕ್ಕಿಂತ ಚೆಂಡು ಹೆಕ್ಕಿದೆ ಎನ್ನಬೇಕು. ಹಿಡಿದದ್ದು ಉದುರುತ್ತಿತ್ತು, ಎತ್ತಿಕೊಂಡು ಓಡಿದರೆ ಮತ್ತೆ ಉದುರುತ್ತಿತ್ತು. ಊಟದ ಬಿಡುವಿಗೆ ಹೊರಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ.

ಕಾಕಾ ಗ್ರೌಂಡಿನ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ನನ್ನ ಕೋಲು. ನಾನು ಆಡುತ್ತಿದ್ದಾಗ ಅವರು ರೆಫರಿಯ ಬೆನ್ನು ಬಿದ್ದು, ತಮ್ಮ ದಖನಿ ಹಿಂದಿಯಲ್ಲಿ ನಿಯಮವನ್ನು ಮತ್ತೆ ಮತ್ತೆ ಹೇಳಿಸಿಕೊಂಡಿದ್ದರು. ಬಲೆ ಅರ್ಧ ಬಿಚ್ಚಿ ಮತ್ತೆ ಬಿಗಿಯುತ್ತಿದ್ದರು. ಚೆಂಡಿಟ್ಟು ನೋಡುವುದು, ಬಿಚ್ಚುವುದು, ಹಲ್ಲಿನಿಂದ ಎಳೆಯುವುದು.

“ತಪ್ಪು ನಂದಪಾ,” ಎಂದರು, ತಲೆ ಎತ್ತದೆ. “ನಾ ಹಕ್ಕಿ ಓಡಸಾಕ ಹೆಣದೆ. ಇವರದು ಬ್ಯಾರೆ ಐತಿ.”

“ಬಲಿ ಇಷ್ಟು ಮ್ಯಾಲ ಇದ್ರ ಚೆಂಡು ನಿಂದ್ರೂದಿಲ್ರಿ ಕಾಕಾ. ಬೆಳಗಿನಿಂದ ನೋಡಿದ್ರಲ್ಲ.”

“ನೋಡೇನಿ. ನಿಂದ್ರೂದಿಲ್ಲಂದ್ರ ಯಾಕ ಇಟ್ಕೋತೀ? ಬಂದ ಕೂಡ್ಲೆ ಕೊಟ್ಟಬಿಡು. ಅಲ್ಲಿ ನಿನ್ನಂಥಾವರು ಮತ್ತೂ ಒಂಬತ್ತು ಮಂದಿ ಓಡಾಕತ್ತಾರ, ಅವರೇನು ಗಾಳಿ ತಗೊಳಾಕ ಬಂದಾರ?”

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವರು ಕೋಲು ಕೈಗಿತ್ತು ಹೋಳಿಗೆಯ ಗಂಟು ಬಿಚ್ಚಿದರು. ತಿಂದೆ. ಮಧ್ಯಾಹ್ನ ರೆಫರಿ ಮತ್ತೆ ಕೋಲು ಅಡ್ಡ ಹಿಡಿದು ನೋಡಿ, ತಲೆಯಾಡಿಸಿ ಒಳಗೆ ಬಿಟ್ಟರು.

ಆ ಆಟದಲ್ಲಿ ನಾನು ಒಂದೂ ಗೋಲು ಹೊಡೆಯಲಿಲ್ಲ. ಚೆಂಡು ಬಂದ ತಕ್ಷಣ, ಉದುರುವ ಭಯಕ್ಕೇ, ಖಾಲಿ ಇದ್ದವನಿಗೆ ಎಸೆಯುತ್ತಿದ್ದೆ. ಹೊಸ ಬಲೆಯಿಂದ ಚೆಂಡು ಸಲೀಸಾಗಿ ಬಿಡುತ್ತಿತ್ತು, ಹೋಗಿ ಜೊತೆಗಾರನ ಬಲೆಯಲ್ಲಿ ಕೂರುತ್ತಿತ್ತು. ಕೊಟ್ಟು ಓಡುವುದು, ಮತ್ತೆ ಪಡೆಯುವುದು, ಮತ್ತೆ ಕೊಡುವುದು. ಸ್ವಲ್ಪ ಹೊತ್ತಿಗೆ ಭಯ ಹೋಗಿ ಮಜಾ ಬರತೊಡಗಿತು. ಭೂತನಾಳದ ಬಯಲಿನಲ್ಲಿ ಅಷ್ಟು ದಿನ ಆಡಿಯೂ ಹತ್ತು ಜನರಲ್ಲಿ ಒಬ್ಬನಾಗಿ ಆಡುವುದೆಂದರೇನು ಎಂದು ನನಗೆ ಗೊತ್ತಾದದ್ದು ಅವತ್ತೇ. ಸಂಜೆ ಹೆಸರು ಓದುವಾಗ ನನ್ನದು ಕೊನೆಗೆ ಬಂತು. ಕಾಕಾ ನನಗಿಂತ ಮೊದಲು ಕೇಳಿಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವರನ್ನು ತಬ್ಬಿಕೊಂಡರು. ಅಗ್ಗದ ಬಾಲ್ ನೋಡಲು ಅವರು ಮಾರುಕಟ್ಟೆಗೆ ಹೋಗಲೇ ಇಲ್ಲ.

ಹೊರದೇಶದಲ್ಲಿ ನಾವು ಆಡಿದ ಮೊದಲ ಪಂದ್ಯದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಧೂಳೀಪಟವಾದೆವು. ಎದುರಾಳಿಗಳು ತೊಟ್ಟಿಲಿನಿಂದಲೇ ಈ ಕೋಲು ಹಿಡಿದು ಬಂದವರಂತಿದ್ದರು. ನಮ್ಮದು ಒಂದೇ ಗೋಲು, ಅದಕ್ಕೆ ಚೆಂಡು ಕೊಟ್ಟವನು ನಾನು. ಊರಿಗೆ ಮರಳಿ ಅಂಗಡಿಗೆ ಹೋದರೆ ಕಟ್ಟೆಯ ಮೇಲೆ ಜನ ಕೂತಿದ್ದರು, ಇತಿಹಾಸದ ಹೊಸ ಅಧ್ಯಾಯ ನಡೆದಿತ್ತು. “ಅವರದೆಲ್ಲಾ ಯಾರು ನೆನಪ ಇಟ್ಕೋತಾರ್ರಿ, ಅವರಿಗೇ ಲೆಕ್ಕ ತಪ್ಪೈತಿ. ನಮ್ಮದು ನೋಡ್ರಿ, ಒಂದ ಗೋಲು, ಹೆಂಗ ಅಂದ್ರ ಹಂಗ ಮರಿಯಾಕ ಬರೂದಿಲ್ಲ.” ಮೊದಲು ನಕ್ಕವನು ನಾನೇ. ನಾಚಿಕೆಯೆಲ್ಲ ಆ ಕಟ್ಟೆಯ ಮೇಲೇ ಕಳೆದುಹೋಯಿತು.

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಕಾಕಾ ಹೋದರು. ಹೃದಯದ ತೊಂದರೆ, ದವಾಖಾನೆಗೆ ಸೇರಿಸಿ ಎರಡು ದಿನಕ್ಕೇ. ನಾನು ತಂಡದ ತರಬೇತಿಯಿಂದ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಮನೆಯ ಪಡಸಾಲೆ ತುಂಬ ಪಿ.ಟಿ. ಮಾಸ್ತರರು, ಹಳೆಯ ವಾಲಿಬಾಲ್ ಆಟಗಾರರು, ಢಾಲು ಗೆದ್ದವರು, ಸೋತವರು. ಎಲ್ಲರೂ ಅವರ ಚೇಷ್ಟೆಗಳನ್ನು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಾನು ಕಾಕುವಿನ ಹತ್ತಿರ ಕೂತು, ಅಂದಿನ ಆಯ್ಕೆ ಶಿಬಿರದಲ್ಲಿ ನಾನು ಗೆಲ್ಲುತ್ತೇನೆಂದು ನಂಬಿದ್ದವರು ಕಾಕಾ ಒಬ್ಬರೇ ಎಂದೆ.

ಕಾಕು ನನ್ನ ಕೈ ಹಿಡಿದುಕೊಂಡರು.

“ಏನ ನಂಬಿದ್ರಪಾ ಅವರು. ಹೊಂಟ ದಿನ ನಾನೂ ಕೇಳಿದ್ನಿ, ಅಂಗಡಿ ಬಿಟ್ಟು ನೀವ್ಯಾಕ ಹೊಂಟೀರಿ ಅಂತ. ‘ಇಂವ ಆರಿಸಿ ಬರೂದು ಕಠಿಣ ಐತಿ. ಗೆದ್ರ ಅವನ ಜೋಡಿ ಮಂದಿ ರಗಡ ಇರತಾರ. ಸೋತ್ರ ಅಷ್ಟು ದೂರದಿಂದ ರೈಲಿನ್ಯಾಗ ಒಬ್ಬನ ಬರಬೇಕಾಕ್ಕತಿ’ ಅಂದ್ರು. ಅದಕ್ಕ ಬರೂ ದಿನಕ್ಕೂ ಸಾಲೂವಷ್ಟು ಬುತ್ತಿ ಕಟ್ಟಿಸಿಕೊಂಡ್ರು.”

ದೇಶದ ತಂಡದ ಅಂಗಿ ತೊಟ್ಟು ಇದುವರೆಗೆ ನಾನು ಗೆದ್ದದ್ದು ಕಡಿಮೆ, ಸೋತದ್ದೇ ಹೆಚ್ಚು. ಸೋತ ಪ್ರತಿ ಸಲವೂ ಊರಿಗೆ ಬರುವ ರೈಲು ಹತ್ತಿದ್ದೇನೆ, ಇನ್ನೂ ಹತ್ತಲಿದ್ದೇನೆ. ಒಬ್ಬನೇ ಬರುತ್ತಿದ್ದೇನೆ ಎಂದು ಮಾತ್ರ ನನಗೆ ಒಮ್ಮೆಯೂ ಅನ್ನಿಸಿಲ್ಲ.