ಇನ್ನೊಂದೆಳೆ ಇತ್ತ ಸರಿ

ಬನ್ನಂಜೆಯ ಸೆಲೂನಿನಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ರೇಡಿಯೋದಲ್ಲಿ ನಮ್ಮ ಹಾಡು ಬಂತು. ಕ್ಷೌರಿಕನೂ ಪಲ್ಲವಿ ಗುನುಗಿದ. ಮುಗಿದ ಮೇಲೆ ನಿರೂಪಕಿ, ಇದು ಕರಾವಳಿಯ ಒಂದು ಜನಪದ ಗೀತೆ ಎಂದಳು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

“ಅಲ್ಲಾಡ್ಬೇಡಿ ಸಾರ್, ಕೈಯಲ್ಲಿ ಬ್ಲೇಡ್ ಉಂಟು. ಹಳೇ ಹಾಡು ಅಲ್ವಾ? ಯಾರು ಬರೆದರೆ ಎಂತ?”

ಎಂತ ಅಂದರೆ? ನೀವೇ ಹೇಳಿ. ಜನಪದವಂತೆ! ಸಾಹಿತ್ಯ ಬರೆದ ನಾನು ಇನ್ನೂ ಬದುಕಿದ್ದೇನೆ, ಗಡ್ಡ ಬೆಳೆಯುತ್ತಿದೆ.

ಸಂಗೀತ ಬಸಣ್ಣನದು. ಗದಗದ ಕಡೆಯವ, ಮಣಿಪಾಲದ ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕುತ್ತಿದ್ದ. ಮೊದಲು ಸಿಕ್ಕಿದ್ದು ಹಿರಿಯಡ್ಕದಲ್ಲೋ ಕಾರ್ಕಳದಲ್ಲೋ. ನಾನು ಹೇಳಿದಾಗಲೆಲ್ಲ ಊರು ಬದಲಾಗುತ್ತದೆ. ಕ್ಯಾಸೆಟ್ಟುಗಳ ಕೊನೆಗಾಲದಲ್ಲಿ ಏಳೆಂಟು ವರ್ಷ ಜೊತೆಯಾಗಿ ಹಾಡು ಕಟ್ಟಿದೆವು. ಭಜನೆಯಾದರೆ ನನ್ನ ಮಾತು ಮೊದಲು, ಅದರ ಬೆನ್ನಿಗೆ ಅವನ ರಾಗ. ಕಾಪುವಿನ ಮದುವೆ ಆರ್ಕೆಸ್ಟ್ರಾಕ್ಕೆ ಇಬ್ಬರೂ ಜಗಳವಾಡುತ್ತ ಸಾಲು ಸಾಲಾಗಿ. ನಿಟ್ಟೆಯ ಹಾಸ್ಟೆಲ್ ಹುಡುಗರ ಬ್ಯಾಂಡಿಗೆ ಕುಣಿಯುವ ಹಾಡು ಬೇಕೆಂದರೆ ರಾಗವೇ ಮೊದಲು: ಬಸಣ್ಣ ಬಾಯಿಗೆ ಬಂದ ಶಬ್ದಗಳಲ್ಲಿ ಹಾಡುವನು. ಆ ಶಬ್ದಗಳಿಗೆ ನಾವು ಡಮ್ಮಿ ಎನ್ನುತ್ತಿದ್ದೆವು. ಅವನ್ನು ಕಿತ್ತು ಆ ಜಾಗದಲ್ಲಿ ಸಾಹಿತ್ಯ ಕೂರಿಸುವುದು ನನ್ನ ಕೆಲಸ.

ಈ ಹಾಡು ಹಾಗೆ ಹುಟ್ಟಿದ್ದು. ಸೆಲೂನಿನಿಂದ ಮನೆಗೆ ಬಂದವನೇ ರೇಡಿಯೋದವರಿಗೆ ಪತ್ರ ಬರೆಯಲು ಕೂತೆ. ಪುರಾವೆಗೆಂದು ಪಲ್ಲವಿ ಬರೆದೆ: ‘ಇನ್ನೊಂದೆಳೆ ಇತ್ತ ಸರಿ’. ಪೆನ್ನು ಅಲ್ಲೇ ನಿಂತಿತು. ಅದು ನೇರಕ್ಕೆ ದಾರ ಹಿಡಿದು ಟೈಲ್ಸ್ ಕೂರಿಸುವಾಗ ಬಸಣ್ಣ ಟೈಲ್ಸಿಗೇ ಹೇಳುತ್ತಿದ್ದ ಮಾತು. ಅದನ್ನು ಕೀಳಲು ಮೂರು ದಿನ ಒದ್ದಾಡಿ, ಆಗದೆ ಹಾಗೇ ಬಿಟ್ಟಿದ್ದೆ. ಕ್ಷೌರಿಕ ಗುನುಗಿದ್ದೂ ಅದೊಂದೇ ಸಾಲು. ನನ್ನ ಚರಣಗಳ ಚಂದ್ರ, ಅಲೆ, ಮಲ್ಲಿಗೆ ಯಾರಿಗೂ ನೆನಪಿಲ್ಲ.

ಕ್ಯಾಸೆಟ್ಟಿನ ಕವರು ಅಚ್ಚಿಗೆ ಹೋಗುವ ದಿನ ಬಸಣ್ಣ ಕೇಳಿದ್ದ: “ಆ ಸಾಲು ನಂದಲ್ಲೇನ್ರೀ ಸರ?”

“ಅದು ಬರೀ ಡಮ್ಮಿ ಮಾರಾಯ. ಡಮ್ಮಿಗೆಲ್ಲ ಹೆಸರು ಹಾಕ್ಲಿಕ್ಕೆ ಉಂಟಾ?” ಎಂದಿದ್ದೆ.

ಅವನು ನಕ್ಕ ಎಂದು ಈವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಕ್ಕನೋ ಇಲ್ಲವೋ. ನಕ್ಕಿದ್ದರೆ ನನಗೆ ಅನುಕೂಲ, ಅಷ್ಟೆ.

ಸಿಟ್ಟೇನೂ ಇಳಿದಿಲ್ಲ, ರೇಡಿಯೋದ ಮೇಲಿದ್ದದ್ದು ನನ್ನ ಮೇಲೆ ತಿರುಗಿದೆ. ಪತ್ರದಲ್ಲಿ ನನ್ನ ಹೆಸರು ಹೊಡೆದುಹಾಕಿ, ‘ಪಲ್ಲವಿ: ಬಸಣ್ಣ’ ಎಂದು ಬರೆದೆ. ಮುಂದೆ ಪೂರ್ತಿ ಹೆಸರು, ಊರು ಬರೆಯಬೇಕು. ಗದಗದ ಕಡೆ ಅಂದರೆ ಯಾವ ಊರು? ಆ ಏಳೆಂಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.