ಬೇಡದ ಮೇಲ್‌ಗಳ ಜೊತೆ ಸೇರಿಹೋದ ಶೇಷಣ್ಣ

ನಮ್ಮ ಮಾವ ಇವತ್ತು ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮನೆಯಿಂದ ಹೊರಟುಬಿಟ್ಟರು, ಸ್ನೇಹಿತರೇ. ಕಾರಣ ನಾನು.

ಅವರ ಮೇಲ್‌ಬಾಕ್ಸ್ ತುಂಬಿಹೋಗಿತ್ತು. ನಿನ್ನೆ ಅದಕ್ಕೊಂದು ಎಐ ಅಸಿಸ್ಟೆಂಟ್ ಜೋಡಿಸಿ, ಅವರು ಯಾವತ್ತೂ ತೆರೆದು ಓದದಂಥ ಮೇಲ್‌ಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕು ಎಂದಿದ್ದೆ. ವಿಶ್ವೇಶ್ವರಪುರದ ಗೆಳೆಯ ಶೇಷಣ್ಣ ದಿನಾ ಕಳಿಸುವ ಗಣಪತಿ ಚಿತ್ರದ ಶುಭೋದಯವೂ ಅಲ್ಲಿಗೇ ಹೋಯಿತು. ಮೇಲ್ ಕಾಣದೆ ಗಾಬರಿಯಾದ ಮಾವ ನಮ್ಮ ಚಾಮರಾಜಪೇಟೆಯಿಂದ ಗೆಳೆಯನ ಮನೆಯವರೆಗೆ ನಡೆದೇ ಹೋಗಿದ್ದಾರೆ. ಶೇಷಣ್ಣ ಆರಾಮಾಗಿ ಪೇಪರ್ ಓದುತ್ತಿದ್ದರಂತೆ.

ಮಾವ ವಾಪಸು ಬಂದಾಗ ವಿಷಯ ಹೇಳಿದೆ. "ನೀವು ಒಂದನ್ನೂ ಓಪನ್ ಮಾಡಿರ್ಲಿಲ್ಲ ಮಾವ, ಅದಕ್ಕೇ..."

"ಓಪನ್ ಮಾಡಕ್ಕೇನಿದೆಯಮ್ಮ? ಬಂತು ಅಂದ್ರೆ ಅವನು ಎದ್ದಿದಾನೆ ಅಂತ."

ಆಮೇಲೆ ಅವರೇ ನಕ್ಕರು. "ಅದನ್ನ ಕಳ್ಸೋದೂ ಅವನಲ್ವಂತೆ. ಅವನ ಮಗಳು ಹಾಕ್ಕೊಟ್ಟಿರೋ ಎಐ ಅಂತೆ. ‘ನಾನು ಹೋದ್ಮೇಲೂ ಬರತ್ತೆ ಬಿಡೋ’ ಅಂದ."

ಫೋಲ್ಡರ್ ಸರಿಮಾಡಲು ಕೂತರೆ ಬೇಡ ಎಂದರು. ನಾಳೆಯಿಂದ ತಾವೇ ಹೋಗಿ ಗೆಳೆಯನನ್ನು ನೋಡಿಕೊಂಡು ಬರುತ್ತಾರಂತೆ. ಆ ಮೇಲನ್ನು ಹುಡುಕಿ ಹೊರಗೆ ತರುವ ಕೆಲಸ ಅಸಿಸ್ಟೆಂಟಿಗೆ ತಪ್ಪಿತು. ನನಗೆ ಮಾತ್ರ ಕಾಫಿಯನ್ನು ಅರ್ಧ ಗಂಟೆ ಮುಂಚೆ ಮಾಡುವ ಕೆಲಸ ಬಿತ್ತು.