ಮಲ್ಲಪ್ಪ ಮಾಮಾನ ಅರಬ್ಬಿ ಸಾಲಿ

ಆ ದಿನಗಳಲ್ಲಿ ನಮ್ಮ ಮೇಲವಂಕಿಯಲ್ಲಿ ಯಾರನ್ನಾದರೂ ನಿಲ್ಲಿಸಿ ನಿಮಗೆ ಎಷ್ಟು ಭಾಷೆ ಬರುತ್ತವೆ ಎಂದು ಕೇಳಿದ್ದರೆ, ಉತ್ತರಕ್ಕೆ ಒಂದು ಕೈಯ ಬೆರಳೆಲ್ಲ ಬೇಕಾಗುತ್ತಿದ್ದವು. ಕನ್ನಡ ಹೇಗೂ ಇತ್ತು. ದನದ ಸಂತೆಯಿಂದ ಮರಾಠಿ ಬಂದಿತ್ತು, ಬಾಜೂ ಮನೆಯವರಿಂದ ಉರ್ದು, ಟಾಕೀಜಿನಿಂದ ಹಿಂದಿ. ಸಾಲಿಯ ಮೆಟ್ಟಿಲು ಹತ್ತಿ ಇಳಿದವರಿಗೆಲ್ಲ ಇಂಗ್ಲಿಷ್ ಬರುತ್ತಿತ್ತು. ಎಷ್ಟು ಬರುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ನಮ್ಮಪ್ಪ ಮರಾಠಿಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ಅರ್ಧ ದಿನ ಚೌಕಾಸಿ ಮಾಡುತ್ತಿದ್ದ. ಒಂದು ಸಲ ಅದೇ ವ್ಯಾಪಾರಿ ತನ್ನ ತಾಯಿ ತೀರಿಹೋದದ್ದನ್ನು ಹೇಳಿ ಕಣ್ಣೊರೆಸಿಕೊಂಡಾಗ ಅಪ್ಪನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಕೊನೆಗೆ ಅವನಿಗೊಂದು ಚಹಾ ಕುಡಿಸಿ ಬಂದ. ಆದರೂ ಮರಾಠಿ ಬರುತ್ತದೆ ಎಂದೇ ಅಪ್ಪ ಹೇಳುತ್ತಿದ್ದ, ನಾವೂ ನಂಬಿದ್ದೆವು.

ಇಂಥ ಊರಿನಲ್ಲಿ ಅರಬ್ಬಿ ಬಲ್ಲವನು ಒಬ್ಬನೇ, ನಮ್ಮ ಎದುರು ಮನೆಯ ಮಲ್ಲಪ್ಪ ಮಾಮಾ. ಕೆಲವು ವರ್ಷ ಮಸ್ಕತ್ತಿನಲ್ಲಿ ಕಟ್ಟಡದ ಕೆಲಸ ಮಾಡಿ, ಬೆನ್ನು ನೋಯಿಸಿಕೊಂಡು, ಹುಲಿಯ ಚಿತ್ರದ ಒಂದು ದಪ್ಪ ರಗ್ಗು ಹೊತ್ತುಕೊಂಡು ಬಂದಿದ್ದ. ಜನ ಅವನನ್ನು ಮಸ್ಕತ್ ಮಲ್ಲಪ್ಪ ಎಂದೇ ಕರೆಯುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ಅವನ ಅರಬ್ಬಿ ಸರಿಯೋ ತಪ್ಪೋ ಎಂದು ಹೇಳಲು ಊರಲ್ಲಿ ಇನ್ನೊಬ್ಬ ಇರಲಿಲ್ಲ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷದ ಚಳಿಗಾಲ ಅದು. ಕಬ್ಬು ಕಡಿಯುವ ಸುಗ್ಗಿ. ಊರ ಹೊರಗಿನ ಗಾಣದಲ್ಲಿ ಬೆಲ್ಲ ಕುದಿಯುವ ವಾಸನೆ ಸಂಜೆಯ ಮಂಜಿನ ಜೊತೆ ಓಣಿಗೆಲ್ಲ ಹರಡುತ್ತಿತ್ತು. ನಾವು ಹುಡುಗ ಹುಡುಗಿಯರು ಎಲೆಯ ಮೇಲೆ ಬಿಸಿ ಬೆಲ್ಲ ಇಸಿದುಕೊಂಡು, ಬೆರಳು ನೆಕ್ಕುತ್ತ ಮಾಮಾನ ಕಟ್ಟೆಗೆ ಬಂದು ಕೂಡುತ್ತಿದ್ದೆವು. ಮಾಮಾ ಹಾಲಿಲ್ಲದ ಚಹಾ ಕುಡಿಯುತ್ತ, ಅರಬರ ಹಾಗೆ ತಲೆಗೆ ವಸ್ತ್ರ ಸುತ್ತಿಕೊಂಡು ಅರಬ್ಬಿ ಸಾಲಿ ನಡೆಸುತ್ತಿದ್ದ. ವಾಹಿದ್, ಇತ್ನೇನ್, ತಲಾತ ಎಂದು ಎಣಿಕೆ. ಆಮೇಲೆ ಆಟ. 'ತಾಲ್' ಅಂದರೆ ಬಾ, 'ರೂಹ್' ಅಂದರೆ ಹೋಗು. 'ಶೀಲ್' ಎಂದರೆ ಕಟ್ಟೆಯ ಕೆಳಗಿನ ಕಲ್ಲು ಎತ್ತಬೇಕು, 'ಹುತ್' ಎಂದರೆ ಇಡಬೇಕು. 'ಜೀಬ್ ಮೋಯಾ' ಎಂದ ಕೂಡಲೇ ಓಡಿ ನೀರು ತರಬೇಕು. ಮಾಡುವ ಮೊದಲು ಎಲ್ಲರೂ ಒಟ್ಟಿಗೆ 'ಐವಾ' ಅನ್ನಬೇಕು, ಅಂದರೆ ಹೂಂ. ತಡವರಿಸಿದವರು ಆಟದಿಂದ ಔಟು. ನಾನು ಎಂದೂ ಔಟಾಗಲಿಲ್ಲ. ಈ ಕೂಸಿಗೆ ಅರಬ್ಬಿ ನನಗಿಂತ ಚಲೋ ಬರುತ್ತದೆ ಎಂದು ಮಾಮಾ ನನ್ನ ಅವ್ವನ ಮುಂದೆ ಹೊಗಳಿದ್ದ. ನಾನು ಎರಡು ದಿನ ಸೆಟೆದುಕೊಂಡೇ ಓಡಾಡಿದೆ.

ಆ ಚಳಿಗಾಲ ಸಾಲಿಗೆ ಒಬ್ಬ ದೊಡ್ಡ ವಿದ್ಯಾರ್ಥಿಯೂ ಸೇರಿದ. ಅಪ್ಪನ ತಮ್ಮ, ನನ್ನ ಶಿವಾನಂದ ಕಾಕಾ. ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಮಾಮಾನ ಪರಿಚಯದವರ ಮೂಲಕ ಮಸ್ಕತ್ತಿಗೆ ಡ್ರೈವರ್ ಆಗಿ ಹೊರಟಿದ್ದ. ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ನಮ್ಮಂತೆಯೇ ಕಲ್ಲು ಎತ್ತುತ್ತಿದ್ದ, ಇಡುತ್ತಿದ್ದ, ನಗದೆ ಐವಾ ಎನ್ನುತ್ತಿದ್ದ. ಹಿಂದಿನ ವರ್ಷವಷ್ಟೇ ಮೂಡಲಗಿಯಿಂದ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಗಂಗವ್ವ ಕಾಕು ನಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕಲಿತುಬಿಟ್ಟಳು. ಮನೆಯಲ್ಲಿ ಗಂಡನ ಹೆಸರು ಹಿಡಿಯುವಂತಿಲ್ಲ, ಹಿರಿಯರ ಮುಂದೆ ಕೂಗುವಂತಿಲ್ಲ. ಹಾಗಾಗಿ ಊಟದ ಹೊತ್ತಿಗೆ ಒಲೆಯ ಮುಂದಿನಿಂದ ಮೆಲ್ಲಗೆ 'ತಾಲ್' ಎನ್ನುತ್ತಿದ್ದಳು. ಕಾಕಾ ಎದ್ದು ಹೋಗುತ್ತಿದ್ದ. ಅವರಿಬ್ಬರೂ ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲಂತೂ ನೋಡಲಿಲ್ಲ.

ಕಾಕಾ ಹೊರಡುವಾಗ ಅವ್ವ ಅತ್ತಳು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅಳಲಿಲ್ಲ. "ಬಾಯಿ ಇದ್ದವ ಬರಗಾಲದಾಗೂ ಬದುಕತಾನ. ಇವಗ ಭಾಷಾ ಬರತೈತಿ, ಏನೂ ಆಗಂಗಿಲ್ಲ" ಎಂದಳು. ಯುಗಾದಿ ಮುಗಿಸಿಕೊಂಡು ಘಟಪ್ರಭಾ ಸ್ಟೇಶನ್ನಿನಿಂದ ಮುಂಬೈ ಗಾಡಿ ಹತ್ತಿಸಿ ಬಂದೆವು. ಶೇಂಗಾ ಹೋಳಿಗೆಯ ಡಬ್ಬಿ ಮರೆತು ಹೋದನೆಂದು ಕಾಕು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಟೆಂಪೋದಲ್ಲಿ ವಾಪಸು ಬಂದಳು.

ನಮ್ಮೂರಲ್ಲಿ ಆಗ ಫೋನಿನ ಅನುಕೂಲ ಇರಲಿಲ್ಲ. ತಿಂಗಳಿಗೊಮ್ಮೆ ಶುಕ್ರವಾರ ಘಟಪ್ರಭಾದ ಒಂದು ಬೂತಿಗೆ ಕಾಕಾ ಫೋನು ಮಾಡುತ್ತಿದ್ದ. ಡ್ರೈವರ್ ಕೆಲಸ ಸಿಕ್ಕಿರಲಿಲ್ಲ. ಮಸ್ಕತ್ತಿನಿಂದ ಬಹಳ ಒಳಗೆ, ಒಬ್ಬ ಮಾಲಕನ ಖರ್ಜೂರದ ತೋಟಕ್ಕೆ ಹಾಕಿದ್ದರು. ತೋಟದಲ್ಲಿ ಅವನೊಬ್ಬನೇ. ಮಾಲಕ ಕೆಟ್ಟವನಲ್ಲ, ಹೊತ್ತಿಗೆ ಊಟ ಕಳಿಸುತ್ತಾನೆ, ಮಲ್ಲಪ್ಪ ಮಾಮಾ ಕಲಿಸಿದ್ದೇ ಸಾಕಾಗುತ್ತದೆ, ಅದಕ್ಕಿಂತ ಹೆಚ್ಚು ಆತ ಮಾತಾಡುವುದೇ ಇಲ್ಲ ಎಂದು ಹೇಳಿದ್ದ. ಇದನ್ನು ಕೇಳಿ ಮಾಮಾನ ಕೈ ಮೀಸೆಯ ಮೇಲೆ ಹೋಯಿತು. ನಮಗೂ ಅದು ಒಳ್ಳೆಯ ಸುದ್ದಿಯ ಹಾಗೆಯೇ ಕೇಳಿಸಿತು.

ಮಳೆಗಾಲ ಹಿಡಿದ ಮೇಲೆ ಫೋನು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಕಾಕು ಬೂತಿನ ಬೆಂಚಿನ ಮೇಲೆ ಮುಸ್ಸಂಜೆಯವರೆಗೆ ಕೂತು, ಬೂತಿನವನು ಶಟರ್ ಎಳೆಯಲು ಎದ್ದಾಗ ಎದ್ದಳು. ಮಾಲಕನ ಫೋನ್ ನಂಬರನ್ನು ಕಾಕಾ ಮೊದಲೇ ಹೇಳಿದ್ದ. ಅಪ್ಪ ಅದಕ್ಕೆ ಹಚ್ಚಿಸಿ, ಗೊತ್ತಿದ್ದ ಹಿಂದಿಯಲ್ಲಿ ನಾನು ಶಿವಾನಂದನ ಅಣ್ಣ ಎಂದು ಕೂಗಿ ಕೂಗಿ ಹೇಳಿದ. ಆ ಕಡೆಯ ಗಂಡಸು ಏನೋ ಹೇಳಿದ. ಇಬ್ಬರೂ ಒಂದಷ್ಟು ಹೊತ್ತು ತಮ್ಮ ತಮ್ಮ ಭಾಷೆಯಲ್ಲಿ ಕೂಗಾಡಿದರು, ಆಮೇಲೆ ಫೋನು ಕಟ್ಟಾಯಿತು.

ಅಪ್ಪ ಅಲ್ಲಿಂದ ನೇರವಾಗಿ ಮಮದಾಪುರದ ಮಸೀದಿಯ ಮೌಲ್ವಿಯವರ ಹತ್ತಿರ ಹೋದ. ದಿನಕ್ಕೆ ಐದು ಹೊತ್ತು ಅರಬ್ಬಿಯಲ್ಲಿ ಪ್ರಾರ್ಥನೆ ಮಾಡುವವರು, ಹುಡುಗರಿಗೆ ಕುರಾನ್ ಓದಿಸುವವರು. ಅವರು ಅಪ್ಪನನ್ನು ಕೂರಿಸಿ, ನೀರು ಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದರಂತೆ. "ನನಗ ಓದಾಕ ಬರತೈತ್ರಿ, ಮಾತಾಡಾಕ ಬರಂಗಿಲ್ಲ. ಆ ಮನುಷ್ಯಾ ಒಂದು ಹೇಳಿ, ನಾ ಒಂದು ತಿಳಕೊಂಡ್ರ ನಿಮ್ಮ ತಮ್ಮನ ಗತಿ ಏನು? ಅಲ್ಲಿ ಇದ್ದು ಬಂದವರನ್ನ ಕರಕೊಂಡ ಹೋಗ್ರಿ." ಅಪ್ಪನಿಗೆ ಇದು ಜಾರಿಕೊಳ್ಳುವ ಮಾತು ಅನಿಸಿತು. ಇಷ್ಟು ಓದಿದವರಿಗೆ ನಾಲ್ಕು ಮಾತಾಡಲು ಬರುವುದಿಲ್ಲವೇ ಎಂದು ಮನೆಗೆ ಬಂದು ಸಿಟ್ಟು ಮಾಡಿದ. ಆಯಿ ಎದುರು ಮನೆಯ ಕಡೆ ಕೈ ತೋರಿಸಿ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆ ಎಂದಳು.

ಮಲ್ಲಪ್ಪ ಮಾಮಾ ಕೂಡಲೇ ಹೊರಡಲಿಲ್ಲ. ಮೊದಲು ಬೆನ್ನು ನೋವು ಎಂದ. ಆಮೇಲೆ ಈಗ ಅಲ್ಲಿ ಕಡುಬಿಸಿಲು, ಮಾಲಕರು ಮನೆಯಲ್ಲಿ ಇರುವುದಿಲ್ಲ ಎಂದ. ಕಾಕು ಅವನ ಕಟ್ಟೆಯ ಕೆಳಗೆ ಹೋಗಿ, ಸೆರಗು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಅವಳು ಹಾಗೆ ನಿಂತ ಮೇಲೆ ಅವನು ಅಂಗಿ ಹಾಕಿಕೊಂಡ. ಕೂಸನ್ನೂ ಕರೆದುಕೊಳ್ಳಿ, ಅವಳಿಗೂ ಬರುತ್ತದೆ ಎಂದು ನನ್ನ ಕೈ ಹಿಡಿದ. ಟೆಂಪೋದಲ್ಲಿ ಎಲ್ಲರಿಗಿಂತ ನಾನೇ ಖುಷಿಯಾಗಿದ್ದೆ.

ಬೂತಿನ ಗಾಜಿನ ಗೂಡಿನೊಳಗೆ ಮಾಮಾ ಮತ್ತು ನಾನು. ಅಪ್ಪ ಬಾಗಿಲಲ್ಲಿ, ಕಾಕು ಅವನ ಹಿಂದೆ. ಮಾಮಾ ರಿಸೀವರ್ ಕಿವಿಗೆ ಇಟ್ಟು ಸಲಾಂ ಹೇಳಿದ, ಶಿವಾನಂದ, ಶಿವಾನಂದ ಎಂದು ಎರಡು ಸಲ ಅಂದ. ಅಷ್ಟೇ, ಆ ಕಡೆಯಿಂದ ಮಾತು ಸುರಿಯತೊಡಗಿತು. ರಿಸೀವರಿನ ಹೊರಗೂ ನನಗೆ ಕೇಳುತ್ತಿತ್ತು. ನಾನು ಕಿವಿಗೊಟ್ಟು ತಾಲ್ ಬರುತ್ತದೆಯೇ, ಶೀಲ್ ಬರುತ್ತದೆಯೇ ಎಂದು ಹುಡುಕಿದೆ. ಒಂದೂ ಬರಲಿಲ್ಲ. ಕಟ್ಟೆಯ ಮೇಲೆ ನಾವು ಕಲಿತದ್ದು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ಮಾಮಾನ ಕೈ ಬೆವರಿ ನನ್ನ ಕೈ ಜಾರುತ್ತಿತ್ತು. ಆ ಮನುಷ್ಯ ಕೊನೆಗೆ ನಿಧಾನವಾಗಿ ಏನನ್ನೋ ಕೇಳಿದ. ಸ್ವಲ್ಪ ಬಿಟ್ಟು ಅದನ್ನೇ ಮತ್ತೆ ಕೇಳಿದ. ಮಾಮಾ ಹೊರಗೆ ನಿಂತ ಕಾಕುವಿನ ಮುಖ ನೋಡಿದ. ಆಮೇಲೆ "ಐವಾ" ಎಂದ, "ಐವಾ, ಐವಾ."

ಫೋನು ಇಟ್ಟ ಮೇಲೆ ಏನಂದ ಎಂದು ಅಪ್ಪ ಕೇಳಿದ. ಮಾಮಾ ಟಾವೆಲಿನಿಂದ ಮುಖ ಒರೆಸಿಕೊಂಡ.

"ಆರಾಮ ಅದಾನಂತ. ತ್ವಾಟದಾಗ ಕೆಲಸ ಭಾಳ ಐತಿ, ಪುರಸೊತ್ತಿಲ್ಲಂತ."

ಕಾಕು ಅಲ್ಲಿಯೇ ಬೆಂಚಿನ ಮೇಲೆ ಕೂತು ಅತ್ತಳು. ಸ್ಟೇಶನ್ನಿನ ಮುಂದೆ ಅಪ್ಪ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಕಾಕು ನಕ್ಕು ತನ್ನ ಸೆರಗಿನಿಂದ ಒರೆಸಿದಳು. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಾಮಾ ತನ್ನ ಪಾಲಿನ ಭಜಿ ತಿನ್ನಲಿಲ್ಲ ಎಂಬುದನ್ನು ನಾನು ನೋಡಿದ್ದೆ. ಬೆನ್ನು ನೋವಿರಬೇಕು ಎಂದುಕೊಂಡೆ.

ದೀಪಾವಳಿ ಕಳೆದು, ಗಾಣಗಳು ಮತ್ತೆ ಸುರುವಾಗುವ ಹೊತ್ತಿಗೆ ಹುಕ್ಕೇರಿ ಕಡೆಯ ದಸ್ತಗೀರ್ ಎಂಬವನು ನಮ್ಮ ಮನೆ ಹುಡುಕಿಕೊಂಡು ಬಂದ. ಕಾಕಾನ ತೋಟದಿಂದ ಸ್ವಲ್ಪ ದೂರದ ಇನ್ನೊಂದು ತೋಟದಲ್ಲಿದ್ದವನು, ಅಲ್ಲಿಯ ಮಾತು ಚೆನ್ನಾಗಿ ಬಲ್ಲವನು, ರಜೆಗೆ ಬಂದಿದ್ದ. ಕಾಕಾನ ಬಟ್ಟೆಯ ಬ್ಯಾಗನ್ನು ಪಡಸಾಲೆಯಲ್ಲಿ ಮೆಲ್ಲಗೆ ಇಟ್ಟು, ಸುದ್ದಿ ಮೊದಲೇ ಮುಟ್ಟಿರುವ ಮನೆಯಲ್ಲಿ ಕೂಡುವವನ ಹಾಗೆ ತಲೆ ತಗ್ಗಿಸಿ ಕೂತ. ಅರಬರ ದೇಶದಿಂದ ಯಾರೋ ಬಂದಿದ್ದಾರೆಂದು ಮಲ್ಲಪ್ಪ ಮಾಮಾನೂ ಬಂದು ಬಾಗಿಲ ಬಳಿ ಕೂತ. ಶಿವಾನಂದ ಹೇಗಿದ್ದಾನೆ ಎಂದು ಅಪ್ಪ ಕೇಳಿದ. ದಸ್ತಗೀರ್ ತಲೆ ಎತ್ತಿ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ.

ಮಳೆಗಾಲದ ಮೊದಲಲ್ಲೇ ಕಾಕಾನಿಗೆ ಹೊಟ್ಟೆ ನೋವು ಸುರುವಾಗಿತ್ತಂತೆ. ಊಟ ತರುತ್ತಿದ್ದ ಮಾಲಕ ಏನಾಯಿತೆಂದು ಕೇಳಿದರೆ ಕಾಕಾನಿಗೆ ಹೇಳಲು ಬರಲಿಲ್ಲ. ಕೆಲಸ ಆಗುತ್ತದೆಯೇ ಎಂದರೆ ಐವಾ ಎಂದಿದ್ದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ದಸ್ತಗೀರನಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಮನೆಯವರಿಗೆ ತಿಳಿಸಿದಿರೋ ಎಂದು ಅವನು ಮಾಲಕನನ್ನು ಕೇಳಿದ್ದ.

"ತಿಳಿಸೇನಿ ಅಂದನ್ರಿ. ಹೆಣ ಆಸ್ಪತ್ರ್ಯಾಗ ಇತ್ತಂತ, ನಿಮ್ಮ ಫೋನ್ ಬಂತಂತ. ಇಲ್ಲೇ ಮಣ್ಣ ಮಾಡೂನೇನು ಅಂತ ಎರಡ ಸಲ ಕೇಳಿದ್ನಂತ. ನೀವು ಹೂಂ ಅಂದ್ರಂತಲ್ರಿ."

ಆಯಿ ಕಾಕಾನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಾಕು ಅಡುಗೆ ಮನೆಯ ಬಾಗಿಲ ಚೌಕಟ್ಟು ಹಿಡಿದು ಮಲ್ಲಪ್ಪ ಮಾಮಾನನ್ನು ನೋಡಿದಳು. ಮಾಮಾ ಗೋಡೆ ಹಿಡಿದು ಎದ್ದ, ಚಪ್ಪಲಿ ಮೆಟ್ಟದೆ ಹೊರಗೆ ನಡೆದ. ಅಪ್ಪ ಅವನನ್ನು ಹೊಡೆಯುತ್ತಾನೆಂದು ನಾನು ಹೆದರಿದ್ದೆ. ಅಪ್ಪ ಕೂತಲ್ಲಿಂದ ಏಳಲೇ ಇಲ್ಲ.

ಆಮೇಲೆ ಎಷ್ಟೋ ವರ್ಷ ನಾವು ಎದುರು ಬದುರು ಮನೆಯಲ್ಲೇ ಇದ್ದೆವು. ಮಾಮಾ ಕಟ್ಟೆಗೆ ಬರುವುದನ್ನು ಬಿಟ್ಟ. ಹುಡುಗರು ಅರಬ್ಬಿ ಹೇಳು ಎಂದರೆ ಮರೆತಿದ್ದೇನೆ ಎನ್ನುತ್ತಿದ್ದ. ಅವನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು, ಈಗ ಸಿಟ್ಟೂ ಉಳಿದಿಲ್ಲ. ಅಷ್ಟು ವರ್ಷ ಆ ದೇಶದಲ್ಲಿ ಅವನಿಗೆ ಯಾರೂ ಬಾ, ಹೋಗು, ಎತ್ತು, ಇಡು ಎಂಬುದನ್ನು ಬಿಟ್ಟು ಬೇರೆ ಏನನ್ನೂ ಹೇಳಿರಲಿಲ್ಲ. ಹೇಳಿಸಿಕೊಂಡಷ್ಟನ್ನೇ ಕಲಿತು ಬಂದ, ಅಷ್ಟನ್ನೇ ನಮಗೂ ಕಾಕಾನಿಗೂ ಹಂಚಿದ. ಮಾಮಾ ಹೋದ, ಆಯಿ ಹೋದಳು, ಅಪ್ಪ ಕೊನೆಯವರೆಗೂ ಮತ್ತೊಂದು ಭಾಷೆಯ ಗೊಡವೆಗೆ ಹೋಗಲಿಲ್ಲ. ಮರಾಠಿ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಿದ್ದ. ನಾನೀಗ ಗೋಕಾಕದಲ್ಲಿ ಹೈಸ್ಕೂಲು ಮಕ್ಕಳಿಗೆ ಹಿಂದಿ ಕಲಿಸುತ್ತೇನೆ. ಅವರ ಫೋನು ಯಾವ ಭಾಷೆಯನ್ನಾದರೂ ಗಳಿಗೆಯಲ್ಲಿ ಕನ್ನಡ ಮಾಡಿಕೊಡುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುವುದಿಲ್ಲ, ಘಟಪ್ರಭಾದ ಆ ಬೂತು ನೆನಪಾಗುತ್ತದೆ. ಕಾಕಾನನ್ನು ಎಲ್ಲಿ ಮಣ್ಣು ಮಾಡಿದರು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಅವನ ಹಣೆಗೆ ವಿಭೂತಿ ಹಚ್ಚಲಿಲ್ಲ, ಮಣ್ಣಿಗೆ ಒಂದು ಹಿಡಿ ಬಿಲ್ವಪತ್ರಿ ಹಾಕಲಿಲ್ಲ.

ಕಾಕು ಆ ವರ್ಷವೇ ಮೂಡಲಗಿಯ ತವರಿಗೆ ಹೋದವಳು ಅಲ್ಲಿಯೇ ಉಳಿದಳು. ಹೋದ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಕೂದಲು ಪೂರಾ ಬೆಳ್ಳಗಾಗಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಫೋನಿನ ಮಾತು ಎತ್ತದವಳು, ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆಯೇ ಕೇಳಿದಳು.

"ನಿನಗ ಅರಬ್ಬಿ ಬರತಿತ್ತಲ್ಲ. ಬ್ಯಾಡ ಅನ್ನಾಕ ಅದರಾಗ ಏನಂತಾರ?"

ನನಗೆ ಗೊತ್ತಿತ್ತು. ದೊಡ್ಡವಳಾದ ಮೇಲೆ ನಾನೇ ಹುಡುಕಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅವಳು ಮೊರ ಕೆಳಗಿಟ್ಟು ಕಾದಳು.

"ಲಾ ಅಂತಾರ ಕಾಕು."

"ಲಾ," ಎಂದಳು. ಬಾಯಲ್ಲಿ ಇಟ್ಟು ನೋಡುವವಳ ಹಾಗೆ ಮತ್ತೊಮ್ಮೆ ಅಂದಳು. ಆಮೇಲೆ ನನ್ನ ಮುಖ ನೋಡಿದಳು.

"ಇಷ್ಟೇ ಏನು?"